ಕಪ್ಪಿಂಗ್ ಮಾಡಿಸಿದರೆ ಹಿಡಿದುಕೊಂಡ ಭುಜ ಬಿಡುತ್ತಾ?

ಪ್ರಶ್ನೆ: ನನಗೆ 53 ವರ್ಷ. ಮಂಡ್ಯದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಶುಗರ್ ಬಂದು ಒಂಬತ್ತು ವರ್ಷ ಆಯಿತು. ಎರಡು ವರ್ಷದ ಹಿಂದೆ ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳು ಮಾಡುವ ಮಾತ್ರೆ ದಿನಾ ತೆಗೆದುಕೊಳ್ಳುತ್ತೇನೆ. ಐದು ತಿಂಗಳಿಂದ ಎಡಗಡೆ ಭುಜ ನೋವು. ಮೊದಮೊದಲು ರಾತ್ರಿ ಮಾತ್ರ ಇತ್ತು. ಈಗ ಕೈ ಹಿಂದಕ್ಕೆ ಹೋಗಲ್ಲ, ಜಡೆ ಹಾಕಲು ಸೊಸೆ ಬೇಕು, ಮೇಲಿನ ಶೆಲ್ಫಿನ ಡಬ್ಬ ಇಳಿಸಲು ಆಗಲ್ಲ. ಹಾರ್ಟಿಂದೇ ಇರಬಹುದು ಅಂತ ಹೆದರಿ ಇಸಿಜಿ, ಎಕೋ ಮಾಡಿಸಿದೆವು, ಸರಿಯಿದೆ ಅಂದರು. ಎಕ್ಸ್‌ರೇಯಲ್ಲೂ ಏನಿಲ್ಲ. ಮೆಡಿಕಲ್ಸ್‌ನಲ್ಲಿ ಕೇಳಿ ನೋವಿನ ಮಾತ್ರೆ ತಂದು ನುಂಗುತ್ತಿದ್ದೇನೆ. ಹೋದ ತಿಂಗಳು ತಂಗಿ ಮಗ ಮೈಸೂರಿನಲ್ಲಿ ಕಪ್ಪಿಂಗ್ ಮಾಡುವವರ ಹತ್ತಿರ ಕರೆದುಕೊಂಡು ಹೋದ. ಬೆನ್ನಿಗೂ ಭುಜಕ್ಕೂ ಚರ್ಮವನ್ನು ಎಳೆದು ಹಿಡಿಯುವ ಕಪ್ ಹಾಕಿದರು. ಎರಡು ದಿನ ಹಗುರ ಅನ್ನಿಸಿತು, ಆಮೇಲೆ ಯಥಾಪ್ರಕಾರ. ಕಲೆ ಮಾತ್ರ ಕಪ್ಪಗೆ ಆಯಿತು. ಅವರು ಅದನ್ನೇ ತೋರಿಸಿ, ಕೆಟ್ಟ ರಕ್ತ ನಿಂತುಬಿಟ್ಟಿದೆ, ಮುಂದಿನ ಸಲ ಗೀರಿ ತೆಗೆಯಬೇಕು, ಮೂರು ದಿನ ಮೊದಲೇ ರಕ್ತದ ಮಾತ್ರೆ ನಿಲ್ಲಿಸಿ ಬನ್ನಿ ಅಂದಿದ್ದಾರೆ. ಐದು ಸಿಟ್ಟಿಂಗಿಗೆ ಮುಂಗಡವನ್ನೂ ಕೊಟ್ಟಾಗಿದೆ. ಏನು ಮಾಡಲಿ?

ಉತ್ತರ: ಮೊದಲು ತುರ್ತಿನ ಮಾತು ಮುಗಿಸಿಬಿಡೋಣ. ಮಾತ್ರೆ ನಿಲ್ಲಿಸಬೇಡಿ. ಮೂರು ದಿನ ಹಾಗಿರಲಿ, ಒಂದು ದಿನವೂ ಬೇಡ. ಸ್ಟೆಂಟ್ ಅಂದರೆ ರಕ್ತನಾಳದ ಒಳಗೆ ಕೂರಿಸಿದ ಲೋಹದ ಜಾಲರಿ. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತಲೇ ಆ ಮಾತ್ರೆ ಕೊಟ್ಟಿರುವುದು. ಹೆಪ್ಪುಗಟ್ಟಿದರೆ ನೇರ ಹೃದಯಾಘಾತ. ಅದನ್ನು ನಿಲ್ಲಿಸಿ ಅನ್ನುವ ಅಧಿಕಾರ ನಿಮ್ಮ ಹೃದಯದ ಡಾಕ್ಟರಿಗೆ ಮಾತ್ರ ಇದೆ. ನನಗೂ ಇಲ್ಲ, ಕಪ್ ಹಾಕುವವರಿಗೂ ಇಲ್ಲ. ಮಾತ್ರೆ ನಡೆಯುತ್ತಿರುವಾಗ ಚರ್ಮ ಗೀರಿಸಿಕೊಂಡು ರಕ್ತ ಎಳೆಸುವುದೂ ಬೇಡ. ಅಂದರೆ ಮುಂದಿನ ಸಿಟ್ಟಿಂಗ್ ಬಿಡಿ.

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿ ಮಾಡುವವರ ಪೈಕಿ. ನನ್ನ ಕ್ಲಿನಿಕ್ಕಿನ ಡ್ರಾಯರಿನಲ್ಲೂ ಒಂದು ಸೆಟ್ ಸಿಲಿಕಾನ್ ಕಪ್ ಇದೆ, ಕೆಲವರಿಗೆ ಹಾಕುತ್ತೇನೆ ಕೂಡ. ಹಾಗಾಗಿ ಕಪ್ಪಿಂಗ್ ಅಂದ ಕೂಡಲೇ ಮೂಗು ಮುರಿಯಲ್ಲ. ಆದರೆ ನೀವು ಬರೆದದ್ದನ್ನು ಓದಿದರೆ ನನಗೆ ಕಾಣುವ ತೊಂದರೆ ಕಪ್ಪಿನದ್ದಲ್ಲ. ಐದು ತಿಂಗಳಾದರೂ ನಿಮ್ಮ ಭುಜಕ್ಕೆ ಏನಾಗಿದೆ ಅಂತ ಯಾರೂ ಕೈ ಮುಟ್ಟಿ ನೋಡಿ ಹೇಳಿಲ್ಲ. ಹೃದಯ ನೋಡಿದರು, ಎಕ್ಸ್‌ರೇ ತೆಗೆದರು, ಮಾತ್ರೆ ಕೊಟ್ಟರು, ಕಪ್ ಹಾಕಿದರು. ಭುಜವನ್ನು ಅಲ್ಲಾಡಿಸಿ ನೋಡಿದವರು ಯಾರು?

ಕಪ್ಪಿಂಗ್ ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲೇ ಪ್ರಾಣಿಯ ಕೊಂಬು, ಸೋರೆಬುರುಡೆ ಮತ್ತು ಜಿಗಣೆ ಇಟ್ಟು ರಕ್ತ ಎಳೆಯುವ ವಿಧಾನ ಹೇಳಿದೆ. ಯುನಾನಿ ವೈದ್ಯರು ಕಪ್ ಇಟ್ಟು ರಕ್ತ ತೆಗೆಯುವ ಹಿಜಾಮಾ ಇವತ್ತಿಗೂ ನಡೆಯುತ್ತಿದೆ. ನಮ್ಮ ಹಳ್ಳಿಗಳಲ್ಲಿ ಬಟ್ಟಿ ಬಿದ್ದಿದೆ ಅಂತ ಹೊಟ್ಟೆ ಮೇಲೆ ದೀಪ ಇಟ್ಟು ಚೊಂಬು ಬೋರಲು ಹಾಕುತ್ತಿದ್ದರಲ್ಲ, ದೀಪ ಆರಿದ ಮೇಲೆ ಚೊಂಬು ಗಪ್ಪನೆ ಕಚ್ಚಿಕೊಳ್ಳುತ್ತಿತ್ತು, ಅದೂ ಇದೇ ತಂತ್ರವೇ. ಒಳಗಿನ ಬಿಸಿ ಗಾಳಿ ತಣ್ಣಗಾಗಿ ಒತ್ತಡ ಇಳಿಯುತ್ತದೆ, ಚರ್ಮ ಒಳಕ್ಕೆ ಏಳುತ್ತದೆ. ಈಗ ಬೆಂಕಿ ಬದಲು ಕೈ ಪಂಪು ಬಂದಿದೆ, ಅಷ್ಟೇ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ತುಂಬ ದುಂಡು ಕಲೆ ಇಟ್ಟುಕೊಂಡು ನೀರಿಗಿಳಿದ ಮೇಲೆ ಇದಕ್ಕೆ ಫ್ಯಾಷನ್ನಿನ ಬೆಲೆಯೂ ಬಂತು. ಒಂದು ಸಣ್ಣ ತಕರಾರು: ಅವರ ಭುಜ ಮಿತಿಮೀರಿ ದುಡಿದು ದಣಿದ ಭುಜ. ನಿಮ್ಮದು ಮೇಲಕ್ಕೇ ಏಳದ ಭುಜ. ಒಂದಕ್ಕೆ ಒಪ್ಪಿದ್ದು ಇನ್ನೊಂದಕ್ಕೂ ಒಪ್ಪಬೇಕು ಅಂತೇನಿಲ್ಲ ಅಲ್ವಾ?

ಇನ್ನು ಆ ಕೆಟ್ಟ ರಕ್ತದ ಮಾತು. ಕಪ್ ಎಳೆದಾಗ ಚರ್ಮದ ಕೆಳಗಿರುವ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಒಡೆಯುತ್ತವೆ. ಅಲ್ಲಿಂದ ಸೋರಿದ ರಕ್ತವೇ ಆ ಕಪ್ಪು ಕಲೆ. ಮಂಚದ ಕಾಲಿಗೆ ಮೊಣಕಾಲು ತಾಗಿದರೆ ಕಂದುತ್ತದಲ್ಲ, ಅದೂ ಇದೂ ಒಂದೇ. ಒಂದೆರಡು ವಾರದಲ್ಲಿ ನೇರಳೆಯಿಂದ ಹಸಿರಿಗೆ, ಹಳದಿಗೆ ತಿರುಗಿ ತಾನೇ ಹೋಗುತ್ತದೆ. ಕಲೆ ಎಷ್ಟು ಕಪ್ಪಗಾಗುತ್ತದೆ ಅನ್ನುವುದು ಎಷ್ಟು ಜೋರಾಗಿ ಎಳೆದರು, ಎಷ್ಟು ಹೊತ್ತು ಬಿಟ್ಟರು, ನಿಮ್ಮ ಚರ್ಮ ಎಷ್ಟು ತೆಳು ಅನ್ನುವುದರ ಮೇಲಿದೆ. ನಿಮ್ಮ ವಿಷಯದಲ್ಲಿ ಇನ್ನೊಂದು ಕಾರಣ ಕಣ್ಣಿಗೇ ಕಾಣುತ್ತದೆ, ರಕ್ತ ತೆಳು ಮಾಡುವ ಮಾತ್ರೆ. ಆ ಮಾತ್ರೆ ತಿನ್ನುವ ಯಾರಿಗೆ ಕಪ್ ಹಾಕಿದರೂ ಕಲೆ ಜಾಸ್ತಿ ಕಪ್ಪಾಗುತ್ತದೆ. ನೋವೇ ಇಲ್ಲದ ತೊಡೆಗೆ ಹಾಕಿದರೂ ಆಗುತ್ತದೆ. ಅದನ್ನೇ ರೋಗದ ಗುರುತು ಅಂತ ತೋರಿಸುವುದು ಸರಿಯಲ್ಲ.

ಗೀರಿ ತೆಗೆದಾಗ ಕಪ್ಪಿನಲ್ಲಿ ಲೋಳೆಯ ಹಾಗೆ ಗಟ್ಟಿಯಾದದ್ದನ್ನು ತೋರಿಸಿ, ನೋಡಿ ಎಂಥಾ ಕೊಳೆ ಇತ್ತು ಅನ್ನುತ್ತಾರೆ. ಒಳ್ಳೆ ರಕ್ತವೂ ಹೊರಗೆ ಬಂದು ಐದತ್ತು ನಿಮಿಷ ಬಿಟ್ಟರೆ ಹಾಗೇ ಗಟ್ಟಿಯಾಗುತ್ತದೆ, ಅದರ ಗುಣವೇ ಅದು. ಮೈಯಲ್ಲಿರುವ ಸುಮಾರು ಐದು ಲೀಟರ್ ರಕ್ತ ಒಂದೇ ಸಮ ಸುತ್ತುತ್ತಿರುತ್ತದೆ, ಕೆಟ್ಟದ್ದೆಲ್ಲ ಎಡ ಭುಜಕ್ಕೆ ಬಂದು ಕೂರುವುದಿಲ್ಲ. ಕೊಳೆ ತೆಗೆಯುವ ಕೆಲಸಕ್ಕೆ ಲಿವರ್ ಇದೆ, ಕಿಡ್ನಿ ಇದೆ.

ಹಾಗಾದರೆ ಎರಡು ದಿನ ಹಗುರ ಆಗಿದ್ದು ಸುಳ್ಳಾ? ಅಲ್ಲ. ಅದು ನಿಜ, ಮತ್ತು ಅದಕ್ಕೆ ಕಾರಣವೂ ಇದೆ. ಭುಜದ ಕೀಲು ಹಿಡಿದುಕೊಂಡಾಗ ಕೈ ಎತ್ತಲು ನಾವು ನಮಗೇ ಗೊತ್ತಿಲ್ಲದೆ ಹೆಗಲನ್ನೇ ಕಿವಿ ಕಡೆಗೆ ಎತ್ತುತ್ತೇವೆ. ದಿನವಿಡೀ ಹಾಗೆ ಎತ್ತಿ ಎತ್ತಿ ಕುತ್ತಿಗೆಯಿಂದ ಹೆಗಲಿಗೆ ಬರುವ ಸ್ನಾಯು ಕಲ್ಲಿನಂತಾಗುತ್ತದೆ. ಬಗ್ಗಿ ಕೂತು ಹೊಲಿಯುವವರಿಗಂತೂ ಕೇಳುವುದೇ ಬೇಡ. ಕಪ್ ಹಾಕಿದಾಗ ಆ ಸ್ನಾಯು ಸ್ವಲ್ಪ ಸಡಿಲ ಆಗುತ್ತದೆ. ಜೊತೆಗೆ ಚರ್ಮಕ್ಕೆ ಜೋರಾದ ಬೇರೊಂದು ಸಂವೇದನೆ ಸಿಕ್ಕಾಗ ಮಿದುಳು ಒಳಗಿನ ನೋವನ್ನು ಸ್ವಲ್ಪ ಹೊತ್ತು ಬದಿಗಿಡುತ್ತದೆ. ಅರ್ಧ ಗಂಟೆ ಯಾರೋ ಮುತುವರ್ಜಿಯಿಂದ ನಮ್ಮ ನೋವಿನ ಜಾಗ ನೋಡಿದರು ಅನ್ನುವ ಸಮಾಧಾನವನ್ನೂ ಲೆಕ್ಕಕ್ಕೆ ಹಿಡಿಯಿರಿ, ಅದು ಚಿಕ್ಕದಲ್ಲ.

ಕಪ್ಪಿಂಗ್ ಬಗ್ಗೆ ನಡೆದಿರುವ ಅಧ್ಯಯನಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಕುತ್ತಿಗೆ ನೋವು, ಬೆನ್ನು ನೋವಿನಲ್ಲಿ ಕೆಲವು ದಿನದ ಮಟ್ಟಿಗೆ ನೋವು ಇಳಿದದ್ದು ಕಂಡಿದೆ. ಆದರೆ ಆ ಅಧ್ಯಯನಗಳು ಬಹುಪಾಲು ಚಿಕ್ಕವು, ಗುಣಮಟ್ಟವೂ ಅಷ್ಟಕ್ಕಷ್ಟೇ. ಕೆಲವರು ಜಾಣತನದಿಂದ ಸಣ್ಣ ತೂತಿರುವ ಕಪ್ ಮಾಡಿಸಿ ಹಾಕಿ ನೋಡಿದ್ದಾರೆ. ಅದು ಮೈಗೆ ತಾಗುತ್ತದೆ, ಆದರೆ ಗಾಳಿ ಸೋರಿಹೋಗಿ ಎಳೆತ ನಿಲ್ಲುವುದಿಲ್ಲ. ಅಂಥ ಸುಳ್ಳು ಕಪ್ ಹಾಕಿಸಿಕೊಂಡವರಿಗೂ ಒಳ್ಳೆಯದಾದದ್ದುಂಟು. ಹಿಡಿದುಕೊಂಡ ಭುಜದ ಕೀಲನ್ನು ಕಪ್ ಬಿಡಿಸುತ್ತದೆ ಅನ್ನಲು ಮಾತ್ರ ಗಟ್ಟಿ ಆಧಾರ ಇಲ್ಲ.

ಈಗ ನಿಮ್ಮ ಭುಜಕ್ಕೆ ಬರೋಣ. ಐವತ್ತರ ಆಸುಪಾಸಿನ ಹೆಂಗಸು, ಹಳೆಯ ಶುಗರ್, ರಾತ್ರಿ ಶುರುವಾದ ನೋವು, ದಿನೇದಿನೇ ಕಡಿಮೆಯಾದ ಓಡಾಟ, ಮೊದಲು ಹಿಂದಕ್ಕೆ ಹೋಗದ ಕೈ, ಸರಿಯಾಗಿರುವ ಎಕ್ಸ್‌ರೇ. ಇಷ್ಟನ್ನು ಒಟ್ಟಿಗೆ ಕೇಳಿದರೆ ನಮ್ಮ ಕಸುಬಿನವರ ಬಾಯಲ್ಲಿ ಮೊದಲು ಬರುವುದು ಫ್ರೋಜನ್ ಶೋಲ್ಡರ್. ಡಾಕ್ಟರ ಚೀಟಿಯಲ್ಲಿ ಪೆರಿಆರ್ಥ್ರೈಟಿಸ್ ಅಂತಲೋ ಪಿ.ಎ. ಶೋಲ್ಡರ್ ಅಂತಲೋ ಇರುತ್ತದೆ.

ನೀವು ಬ್ಲೌಸ್ ಹೊಲಿಯುವವರು, ಅದರಲ್ಲೇ ಹೇಳುತ್ತೇನೆ. ಕಂಕುಳ ಹತ್ತಿರ ಬಟ್ಟೆ ಬಿಡದೆ ಬಿಗಿಯಾಗಿ ಹೊಲಿದರೆ ತೋಳು ಮೇಲಕ್ಕೆ ಏಳುತ್ತದಾ? ಕೈ ಕೆಳಗಿದ್ದಾಗ ಎಲ್ಲ ಸರಿ ಕಾಣುತ್ತದೆ, ಎತ್ತಿದ ಕೂಡಲೇ ಹಿಡಿಯುತ್ತದೆ. ಭುಜದ ಕೀಲಿನ ಸುತ್ತಲೂ ಹೀಗೇ ಒಂದು ಚೀಲ ಇದೆ. ಕೈ ಎತ್ತಿದಾಗ ಬಿಚ್ಚಿಕೊಳ್ಳಲಿ ಅಂತ ಕಂಕುಳ ಕಡೆ ಅದಕ್ಕೆ ನೆರಿಗೆ ಬಿಟ್ಟಿದೆ. ಫ್ರೋಜನ್ ಶೋಲ್ಡರಿನಲ್ಲಿ ಆ ಚೀಲಕ್ಕೆ ಉರಿಯೂತ ಬಂದು, ದಪ್ಪವಾಗಿ, ನೆರಿಗೆಯೇ ಕುಗ್ಗಿಹೋಗುತ್ತದೆ. ಇದೆಲ್ಲ ಮೂಳೆಯ ಹೊರಗಿನ ಮೆತ್ತನೆಯ ಭಾಗದ ಕಥೆ, ಅದಕ್ಕೇ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕಪ್ ಎಳೆಯುವುದು ಚರ್ಮವನ್ನು ಮತ್ತು ಅದರ ಅಡಿಯ ಪದರವನ್ನು. ಈ ಚೀಲ ಇರುವುದು ಚರ್ಮ, ಕೊಬ್ಬು, ದಪ್ಪನೆಯ ಸ್ನಾಯು ಇಷ್ಟೂ ದಾಟಿದ ಮೇಲೆ. ಅಲ್ಲಿಗೆ ಕಪ್ಪಿನ ಎಳೆತ ಮುಟ್ಟುವುದಿಲ್ಲ.

ಶುಗರಿಗೂ ಇದಕ್ಕೂ ಹಳೇ ನಂಟು. ಸಾಮಾನ್ಯವಾಗಿ ನೂರರಲ್ಲಿ 2ರಿಂದ 5 ಜನಕ್ಕೆ ಬರುವ ಈ ತೊಂದರೆ ಶುಗರ್ ಇರುವವರಲ್ಲಿ ನೂರಕ್ಕೆ 10ರಿಂದ 20 ಜನಕ್ಕೆ ಬರುತ್ತದೆ ಅಂತ ಲೆಕ್ಕ. ರಕ್ತದಲ್ಲಿ ಬಹುಕಾಲ ಜಾಸ್ತಿ ಇದ್ದ ಸಕ್ಕರೆ ಕೀಲಿನ ಚೀಲದ ನಾರುಗಳಿಗೆ ಅಂಟಿಕೊಂಡು ಅವನ್ನು ಬಿರುಸು ಮಾಡುತ್ತದೆ. ಥೈರಾಯ್ಡ್ ಇರುವವರಲ್ಲೂ ಜಾಸ್ತಿ. ನೀವು ಥೈರಾಯ್ಡ್ ಪರೀಕ್ಷೆ ಮಾಡಿಸಿದ ಬಗ್ಗೆ ಬರೆದಿಲ್ಲ, ಒಂದು ಸಲ ಮಾಡಿಸಿ. ಮೂರು ತಿಂಗಳ ಸರಾಸರಿ ತೋರಿಸುವ ಶುಗರ್ ಪರೀಕ್ಷೆಯನ್ನೂ ಮಾಡಿಸಿ, ಬೆಳಿಗ್ಗೆ ಖಾಲಿ ಹೊಟ್ಟೆಯ ಒಂದು ಸಂಖ್ಯೆ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ.

ಮನೆಯಲ್ಲೇ ಒಂದು ನೋಡಿ. ನೇರ ನಿಂತು ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ, ಮೊಣಕೈ ಮಡಿಸಿ ಮುಂಗೈ ಮುಂದಕ್ಕಿರಲಿ, ಹೆಬ್ಬೆರಳು ಮೇಲಕ್ಕೆ. ಮೊಣಕೈ ಪಕ್ಕೆ ಬಿಡದಂತೆ ಎರಡೂ ಮುಂಗೈಗಳನ್ನು ಹೊರಕ್ಕೆ ತೆರೆಯಿರಿ. ಬಲಗೈ ಸಲೀಸಾಗಿ ಹೋಗಿ, ಎಡಗೈ ಸ್ವಲ್ಪ ದೂರ ಹೋಗಿ ನಿಂತುಬಿಟ್ಟರೆ, ಸೊಸೆ ಮೆಲ್ಲಗೆ ಹೊರಕ್ಕೆ ತಳ್ಳಿದರೂ ಗೋಡೆಗೆ ತಾಗಿದ ಹಾಗೆ ನಿಂತರೆ, ಚೀಲ ಹಿಡಿದಿರುವ ಸಂಭವ ತುಂಬ ಹೆಚ್ಚು. ಅದರ ಬದಲು ನಿಮ್ಮಷ್ಟಕ್ಕೆ ಕೈ ಏಳುವುದಿಲ್ಲ, ಅವರು ಹಿಡಿದು ಎತ್ತಿದರೆ ಪೂರ್ತಿ ಏಳುತ್ತದೆ ಅಂತಾದರೆ ಒಳಗಿನ ಸ್ನಾಯುರಜ್ಜು ಹರಿದಿರಬಹುದು, ಅದಕ್ಕೆ ಅಲ್ಟ್ರಾಸೌಂಡ್ ಬೇಕಾಗುತ್ತದೆ. ಕುತ್ತಿಗೆ ತಿರುಗಿಸಿದಾಗ ಬೆರಳ ತನಕ ಜುಮ್ಮೆನ್ನುತ್ತಿದ್ದರೆ ಮೂಲ ಕುತ್ತಿಗೆಯಲ್ಲಿ. ನೋಡಿ, ಮೂರಕ್ಕೂ ಹೆಸರು ಭುಜ ನೋವೇ, ಚಿಕಿತ್ಸೆ ಮಾತ್ರ ಬೇರೆ ಬೇರೆ. ಇದನ್ನು ಖಚಿತ ಮಾಡಿಸಲು ಮೂಳೆ ಡಾಕ್ಟರ ಹತ್ತಿರ ಹೋಗಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮೂಳೆ ವಿಭಾಗವೇ ಹತ್ತಿರ, ಮೈಸೂರಿಗೇ ಬರುವುದಾದರೆ ಕೆ.ಆರ್. ಆಸ್ಪತ್ರೆ ಇದೆ.

ಇದು ಫ್ರೋಜನ್ ಶೋಲ್ಡರೇ ಆಗಿದ್ದರೆ ಹೆದರಬೇಡಿ, ಆದರೆ ಅವಸರವೂ ಬೇಡ. ಮೊದಲು ಕೆಲವು ತಿಂಗಳು ನೋವು ಏರುತ್ತದೆ. ಆಮೇಲೆ ನೋವು ತಗ್ಗಿ ಬಿಗಿತ ಉಳಿಯುತ್ತದೆ. ಕೊನೆಗೆ ನಿಧಾನವಾಗಿ ಸಡಿಲವಾಗುತ್ತದೆ. ಒಟ್ಟು ಒಂದರಿಂದ ಮೂರು ವರ್ಷ, ಶುಗರ್ ಇರುವವರಿಗೆ ಇನ್ನೂ ತಡ, ಕೆಲವರಿಗೆ ಸ್ವಲ್ಪ ಬಿಗಿತ ಉಳಿದುಬಿಡುವುದೂ ಉಂಟು. ತಾನಾಗೇ ಬಿಡುವ ಕಾಯಿಲೆ ಆದ್ದರಿಂದಲೇ ಕೊನೆಗೆ ಮಾಡಿಸಿದ ಚಿಕಿತ್ಸೆಗೆಲ್ಲ ಹೆಸರು ಬರುತ್ತದೆ. ಎಣ್ಣೆ ಹಚ್ಚಿದವರಿಗೂ, ಬಳೆ ಹಾಕಿಸಿದವರಿಗೂ, ನಮಗೂ.

ಈಗ ಏನೇನು ಮಾಡಬಹುದು ಅಂತ ಹೇಳುತ್ತೇನೆ. ಮೊದಲನೆಯದು ನಿಮ್ಮ ನೋವಿನ ಮಾತ್ರೆ. ಮೆಡಿಕಲ್ಸ್‌ನವರು ಕೇಳಿದ ಕೂಡಲೇ ಕೊಡುವ ಡೈಕ್ಲೋಫಿನ್ಯಾಕ್, ಅಸಿಕ್ಲೋಫಿನ್ಯಾಕ್ ಜಾತಿಯವು ಸ್ಟೆಂಟ್ ಇರುವವರಿಗೆ ಒಳ್ಳೆಯದಲ್ಲ. ಹೃದಯಕ್ಕೂ ಅಪಾಯ, ಶುಗರಿನವರ ಕಿಡ್ನಿಗೂ ಅಪಾಯ, ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ನಿಜ ಹೇಳಬೇಕೆಂದರೆ ಕಪ್ಪಿಗಿಂತ ನನಗೆ ಇದೇ ಜಾಸ್ತಿ ಯೋಚನೆ. ಆ ಸ್ಟ್ರಿಪ್ ತೆಗೆದುಕೊಂಡು ಹೋಗಿ ನಿಮ್ಮ ಡಾಕ್ಟರಿಗೆ ತೋರಿಸಿ. ಸಾಮಾನ್ಯವಾಗಿ ಪ್ಯಾರಸಿಟಮಾಲ್‌ಗೆ ಬದಲಾಯಿಸುತ್ತಾರೆ.

ಆಮೇಲೆ ವ್ಯಾಯಾಮ. ಬಿಸಿನೀರಿನ ಸ್ನಾನ ಆದ ಮೇಲೆ ಮಾಡಿದರೆ ಸಲೀಸು. ಬಿಸಿನೀರಿನ ಚೀಲ ಮಾತ್ರ ಹುಷಾರು, ಶುಗರಿನವರಿಗೆ ಚರ್ಮ ಸುಟ್ಟರೂ ತಕ್ಷಣ ಗೊತ್ತಾಗುವುದಿಲ್ಲ. ಹೊಲಿಗೆ ಮಿಷಿನ್ನಿನ ಮೇಜಿಗೆ ಬಲಗೈ ಊರಿ ಸೊಂಟದಿಂದ ಬಗ್ಗಿ, ಎಡಗೈಯನ್ನು ಸುಮ್ನೆ ಜೋತುಬಿಡಿ. ಮೈಯನ್ನು ಹಿಂದೆ ಮುಂದೆ ಆಡಿಸಿ, ಕೈ ತಾನೇ ತೂಗಲಿ, ಭುಜದ ಬಲ ಹಾಕಬೇಡಿ. ಒಂದೆರಡು ನಿಮಿಷ ಸಾಕು. ಆಮೇಲೆ ಚಾಪೆ ಮೇಲೆ ಅಂಗಾತ ಮಲಗಿ, ಎಡ ಮೊಣಕೈ ಅಡಿಗೆ ಮಡಿಸಿದ ಟವೆಲ್ ಇಟ್ಟು, ಬಟ್ಟೆ ಅಳೆಯುವ ಮರದ ಸ್ಕೇಲನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಬಲಗೈಯಿಂದ ಸ್ಕೇಲನ್ನು ಮೆಲ್ಲಗೆ ತಳ್ಳುತ್ತ ಎಡ ಮುಂಗೈಯನ್ನು ಹೊರಕ್ಕೆ ಕಳಿಸಿ, ಹಿಡಿಯುವ ಜಾಗದಲ್ಲಿ ಇಪ್ಪತ್ತು ಎಣಿಸುವ ತನಕ ನಿಲ್ಲಿಸಿ. ನಾಲ್ಕೈದು ಸಲ. ಮೂರನೆಯದಾಗಿ ಗೋಡೆ ಮೇಲೆ ಬೆರಳು ನಡೆಸುತ್ತ ಕೈ ಏರಿಸುವುದು, ಏರಿದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಹೆಗಲು ಮಾತ್ರ ಕಿವಿ ಕಡೆ ಏಳಬಾರದು. ದಿನಕ್ಕೆ ಎರಡು ಹೊತ್ತು ಮಾಡಿ. ಮಾಡಿದ ಮೇಲೆ ಅರ್ಧ ಗಂಟೆಯಲ್ಲಿ ನೋವು ಇಳಿದರೆ ಸರಿಯಾಗಿದೆ. ರಾತ್ರಿ ನಿದ್ದೆ ಕೆಡುವಷ್ಟು ನೋವಾದರೆ ಮಾರನೇ ದಿನ ಕಮ್ಮಿ ಮಾಡಿ. ಯಾರೋ ಬಲವಂತವಾಗಿ ಕೈ ಹಿಡಿದು ಲಟಕ್ ಅನ್ನಿಸಲು ಬಂದರೆ ಒಪ್ಪಬೇಡಿ, ಅದು ಅಣ್ಣತಮ್ಮಂದಿರ ಪ್ರೀತಿಯೇ ಆದರೂ. ಉರಿಯೂತ ಇರುವ ಕೀಲನ್ನು ಎಳೆದಾಡಿದರೆ ಅದು ಇನ್ನೂ ಮುನಿಸಿಕೊಳ್ಳುತ್ತದೆ.

ರಾತ್ರಿ ನೋವು ತಡೆಯಲಾಗದಷ್ಟಿದ್ದರೆ ಮೂಳೆ ಡಾಕ್ಟರು ಕೀಲಿನೊಳಗೆ ಸ್ಟಿರಾಯ್ಡ್ ಇಂಜೆಕ್ಷನ್ ಹೇಳಬಹುದು. ಹೆಸರು ಕೇಳಿಯೇ ಓಡಿಹೋಗಬೇಡಿ. ಮೊದಲ ಕೆಲವು ತಿಂಗಳಲ್ಲಿ ಕೊಟ್ಟರೆ ನೋವು ಚೆನ್ನಾಗಿ ಇಳಿಯುತ್ತದೆ, ವ್ಯಾಯಾಮ ಮಾಡಲು ದಾರಿ ಆಗುತ್ತದೆ. ತೊಂದರೆ ಏನೆಂದರೆ ಕೆಲವು ದಿನ ಶುಗರ್ ಏರುತ್ತದೆ, ಮನೆಯಲ್ಲೇ ಚೆಕ್ ಮಾಡುತ್ತಿರಬೇಕು. ಅಪರೂಪಕ್ಕೆ ಸೋಂಕು ಆಗಬಹುದು. ಇದಕ್ಕೆ ರಕ್ತದ ಮಾತ್ರೆ ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ, ಆದರೆ ತಿನ್ನುತ್ತಿದ್ದೇನೆ ಅಂತ ಹೇಳಲೇಬೇಕು. ಯಾವುದಕ್ಕೂ ಬಗ್ಗದಿದ್ದರೆ ಅರಿವಳಿಕೆ ಕೊಟ್ಟು ಕೀಲು ಬಿಡಿಸುವುದು, ಇಲ್ಲವೇ ದೂರ್ಬೀನಿನ ಮೂಲಕ ಚೀಲ ಬಿಡಿಸುವ ಆಪರೇಷನ್. ಬ್ರಿಟನ್ನಿನಲ್ಲಿ 503 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಈ ಎರಡು ದಾರಿಗಳನ್ನೂ, ಇಂಜೆಕ್ಷನ್ ಜೊತೆಗಿನ ಫಿಸಿಯೋಥೆರಪಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದು ವರ್ಷದ ಕೊನೆಗೆ ಯಾವುದೂ ಇನ್ನೊಂದಕ್ಕಿಂತ ಹೇಳಿಕೊಳ್ಳುವಷ್ಟು ಮೇಲಾಗಿರಲಿಲ್ಲ. ಸ್ಟೆಂಟ್ ಇರುವ ನಿಮಗೆ ಅರಿವಳಿಕೆಯ ದಾರಿ ಕೊನೆಯದಾಗಿಯೇ ಇರಲಿ.

ಇಷ್ಟರ ಮಧ್ಯೆ ಕಪ್ಪಿಗೆ ಜಾಗ ಎಲ್ಲಿ? ಶುಗರ್ ಹತೋಟಿಯಲ್ಲಿದ್ದು, ರಕ್ತ ತೆಳು ಮಾಡುವ ಮಾತ್ರೆ ಇಲ್ಲದೆ, ಚರ್ಮ ಚೆನ್ನಾಗಿದ್ದವರಿಗೆ ಗೀರದ ಒಣ ಕಪ್ಪಿಂಗನ್ನು ಹೆಗಲಿನ ಬಿಗಿತಕ್ಕೆ ಹಾಕಿಸಿಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಅಲ್ಲೂ ಬೆಂಕಿ ಕಪ್ಪಿನಲ್ಲಿ ಸುಟ್ಟವರಿದ್ದಾರೆ, ಜಾಸ್ತಿ ಹೊತ್ತು ಬಿಟ್ಟು ಗುಳ್ಳೆ ಎದ್ದವರಿದ್ದಾರೆ. ರಕ್ತ ತೆಗೆಯುವುದಾದರೆ ಬೇರೆಯೇ ಲೆಕ್ಕ. ಬ್ಲೇಡ್ ಹೊಸದಾ, ಕಪ್ ಒಬ್ಬರಿಗೆ ಬಳಸಿ ಎಸೆಯುತ್ತಾರಾ ಅನ್ನುವುದು ಸಣ್ಣ ಮಾತಲ್ಲ, ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡುವುದು ಇಂಥ ಕಡೆಯೇ. ಓದಿ ಪದವಿ ಪಡೆದ ಯುನಾನಿ ವೈದ್ಯರು ಹಿಜಾಮಾ ಮಾಡುವಾಗ ಮೊದಲು ಕೇಳುವ ಪ್ರಶ್ನೆಗಳಲ್ಲಿ ಶುಗರ್, ರಕ್ತದ ಮಾತ್ರೆ ಇದ್ದೇ ಇರುತ್ತವೆ. ನಿಮ್ಮನ್ನು ನೋಡಿದವರು ಮಾತ್ರೆಯ ಬಗ್ಗೆ ಕೇಳಿದರು ಸರಿ, ಕೇಳಿದ ಮೇಲೆ ನಿಲ್ಲಿಸಿ ಬನ್ನಿ ಅಂದರು. ಅಂಥವರ ಕೈಗೆ ಬ್ಲೇಡ್ ಕೊಡಬಾರದು ಅಂತ ನನ್ನ ಅಭಿಪ್ರಾಯ. ನಿಮಗೆ ಸದ್ಯಕ್ಕೆ ಒಣ ಕಪ್ಪೂ ಬೇಡ. ಹೆಗಲಿನ ಬಿಗಿತಕ್ಕೆ ಬರಿಗೈಯ ಮೆಲ್ಲನೆಯ ನೀವುವಿಕೆ ಸಾಕು, ಸೊಸೆಯೇ ಮಾಡಬಹುದು.

ಮುಂಗಡದ ದುಡ್ಡು ವಾಪಸ್ ಕೇಳಿ. ಹೃದಯದ ಡಾಕ್ಟರು ಬೇಡ ಅಂದರು ಅನ್ನಿ, ಅದು ಸುಳ್ಳೂ ಆಗುವುದಿಲ್ಲ, ಅವರನ್ನು ಕೇಳಿದರೆ ಅದನ್ನೇ ಅನ್ನುತ್ತಾರೆ. ಕೊಡದಿದ್ದರೆ ಹೋಗಲಿ ಬಿಡಿ, ಕೊಟ್ಟಾಗಿದೆ ಅನ್ನುವ ಒಂದೇ ಕಾರಣಕ್ಕೆ ಹೋಗಿ ಮಲಗಬೇಡಿ.

ಒಂದು ಎಚ್ಚರ. ಇಸಿಜಿ ಸರಿಯಿತ್ತು ಅಂತ ಎಡ ಭುಜದ ನೋವನ್ನೆಲ್ಲ ಇನ್ನು ಮೇಲೆ ಕೀಲಿನ ಲೆಕ್ಕಕ್ಕೇ ಬರೆಯಬೇಡಿ. ಕೈ ಅಲ್ಲಾಡಿಸಿದಾಗ ಬರುವ ನೋವು ಕೀಲಿನದ್ದು. ಕೈ ಸುಮ್ಮನಿದ್ದಾಗಲೂ ಮೆಟ್ಟಿಲು ಹತ್ತಿದರೆ, ಬೇಗ ನಡೆದರೆ ಬಂದು, ಕೂತರೆ ಇಳಿಯುವ ನೋವು, ಬೆವರು, ಉಸಿರು ಕಟ್ಟುವುದು, ದವಡೆಗೆ ಹರಿಯುವುದು, ಎದೆ ಹಿಂಡುವುದು ಕಂಡರೆ ವ್ಯಾಯಾಮ ಗಿಯಾಮ ನೋಡದೆ ತಕ್ಷಣ ಆಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ. ಶುಗರಿನವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರಿನಲ್ಲೂ ಹೃದಯದ ತೊಂದರೆ ತೋರಬಹುದು. ಭುಜ ಕೆಂಪಾಗಿ ಊದಿ ಜ್ವರ ಬಂದರೂ ಕಾಯಬೇಡಿ.

ಮೂಳೆ ಡಾಕ್ಟರ ಹತ್ತಿರ ಹೋಗುವಾಗ ಶುಗರ್ ರಿಪೋರ್ಟ್, ಸ್ಟೆಂಟ್ ಹಾಕಿದಾಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿ, ಈಗ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪು ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಮೆಡಿಕಲ್ಸ್‌ನಿಂದ ತಂದ ನೋವಿನ ಮಾತ್ರೆಯನ್ನೂ ಸೇರಿಸಿ.